ಪಟ್ಟಿಯಲ್ಲಿಲ್ಲದ ಕಜ್ಜಾಯ

ನನ್ನ ಅಕ್ಷರ ಚೆನ್ನಾಗಿತ್ತು. ಅದೇ ನನಗೆ ಮುಳುವಾಯಿತು. ರಾಮಕೃಷ್ಣನಗರದ ನಮ್ಮ ಬೀದಿಯಲ್ಲಿ ಆಗ ಇದ್ದದ್ದು ಏಳೇ ಮನೆ. ಉಳಿದ ಸೈಟುಗಳಲ್ಲೆಲ್ಲ ಪಾರ್ಥೇನಿಯಂ ಗಿಡ, ಜಲ್ಲಿ ರಾಶಿ, ಯಾರೋ ಅರ್ಧಕ್ಕೆ ಬಿಟ್ಟುಹೋದ ಪಾಯ. ಈ ಏಳು ಮನೆಯವರಲ್ಲಿ ಯಾರಿಗೆ ಏನು ಬರೆಯಬೇಕಾಗಿ ಬಂದರೂ, ಗಣಪತಿ ಕೂರಿಸುವ ನೋಟೀಸಿರಲಿ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂಬ ಅರ್ಜಿಯಿರಲಿ, 'ಜಯಮ್ಮೋರ ಮಗಳು ರತ್ನನ್ನ ಕರೀರಿ' ಎನ್ನುತ್ತಿದ್ದರು. ನಾನು ಪ್ಯಾಡು, ಸ್ಕೇಲು, ಎರಡು ಬಣ್ಣದ ಪೆನ್ನು ಹಿಡಿದುಕೊಂಡು ಹೋಗಿ ದೊಡ್ಡವರ ನಡುವೆ ಕೂತು, ಮೊದಲು ಮಾರ್ಜಿನ್ ಎಳೆದು, ಆಮೇಲೆ ಬರೆಯುತ್ತಿದ್ದೆ. ಹತ್ತು ವರ್ಷದ ಹುಡುಗಿಗೆ ತಲೆ ತಿರುಗಲು ಇನ್ನೇನು ಬೇಕು? ಬೀದಿಗೆ ನಾನು ಬೇಕಾದವಳು, ಆದ್ದರಿಂದ ನಮ್ಮ ಮನೆ ಬೀದಿಗೆ ಬೇಕಾದದ್ದು ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ಎಂಥ ಪೆದ್ದು ನಾನು!

ನಮ್ಮದು ಒಂದು ಹಾಲು, ಎರಡು ರೂಮು, ಹಿಂದುಗಡೆಗೆ ತೆರೆಯುವ ಅಡುಗೆಮನೆ ಇದ್ದ ಮನೆ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅಪ್ಪ, ಅವ್ವ ಇಬ್ಬರೂ ನರಸೀಪುರದ ಕಡೆಯ ಒಂದು ಊರಿನ ಕೇರಿಯಲ್ಲಿ ಹುಟ್ಟಿ ಬೆಳೆದವರು. ನಾವು ದಲಿತರು, ಬೀದಿಯಲ್ಲಿ ಅಂಥದ್ದು ನಮ್ಮದೊಂದೇ ಮನೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದಿದ್ದ ಮೇಲೆ ಯಾರಿಗೂ ಅದು ಮುಖ್ಯವಲ್ಲ ಎಂದು ನಾನು ತಿಳಿದಿದ್ದೆ. ಹಾಲಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ನೀಲಿ ಕೋಟು ತೊಟ್ಟು ಕೈಯಲ್ಲಿ ಪುಸ್ತಕ ಹಿಡಿದವರ ಪಟ. ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎರಡಕ್ಕೂ ಊದಿನಕಡ್ಡಿ ಹಚ್ಚಿ, ಸೈಕಲ್ ಏರಿ ಹೊರಡುತ್ತಿದ್ದ. ಅವ್ವನಿಗೆ ಆ ಬೀದಿಯಲ್ಲಿ ಹೊಂದಿಕೊಂಡು ಬಾಳಬೇಕೆಂಬ ಆಸೆ ವಿಪರೀತ. ಮನೆಯಲ್ಲಿ ಮೀನು ಮಾಡಿದ ದಿನ ಹಿಂದಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಬೆವರಿನಲ್ಲಿ ನೆನೆಯುತ್ತಿದ್ದಳು. ನಾನು ಅವಳನ್ನು ಕರೆಯುವುದಕ್ಕೂ ಒಂದು ಕಾನೂನು ಮಾಡಿದ್ದಳು.

"ಬೀದೀಲಿ ನನ್ನ ಅಮ್ಮ ಅನ್ನು. ಮನೆ ಒಳಗೆ ಏನಾರ ಅನ್ಕೊ."

ಅವ್ವನಿಗೆ ಆ ಬೀದಿಯಲ್ಲಿ ಇದ್ದ ಒಬ್ಬಳೇ ಗೆಳತಿ ಪಕ್ಕದ ಮನೆಯ ಗಿರಿಜಕ್ಕ. ಅವರದು ಹಣೆ ತುಂಬ ವಿಭೂತಿ ಹಚ್ಚಿಕೊಳ್ಳುವ, ಮಠಕ್ಕೆ ನಡೆದುಕೊಳ್ಳುವ ಮನೆ. ಗಂಡನಿಗೆ ಸಂತೇಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಅವರ ಮಗಳು ಸುಮ ನನ್ನ ಕ್ಲಾಸು, ನನ್ನ ಬೆಂಚು. ಎರಡು ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಬೆಳಿಗ್ಗೆ ಎಲ್ಲರನ್ನೂ ಸಾಗಹಾಕಿದ ಮೇಲೆ ಇಬ್ಬರೂ ಅದರ ಮೇಲೆ ಮೊಣಕೈ ಊರಿ ನಿಂತರೆ ಒಗೆಯುವ ಬಟ್ಟೆ ಬಕೆಟ್ಟಿನಲ್ಲೇ ನೆನೆಯುತ್ತಿತ್ತು. ಆ ಗೋಡೆಯ ಮೇಲಿಂದ ಕರಿಬೇವು, ಹೆಪ್ಪು, ಸೂಜಿದಾರ, ಬಟ್ಟಲು ಎಲ್ಲ ದಾಟುತ್ತಿದ್ದವು. ಕೊಟ್ಟ ಬಟ್ಟಲನ್ನು ಖಾಲಿ ವಾಪಸು ಕೊಡಬಾರದಲ್ಲ, ಅವರ ಮನೆಯಿಂದ ಉಪ್ಪಿಟ್ಟು ಬಂದರೆ ನಮ್ಮ ಮನೆಯಿಂದ ಅದೇ ಬಟ್ಟಲಲ್ಲಿ ಸೊಪ್ಪಿನ ಬಸ್ಸಾರೋ ಹೆಸರುಕಾಳಿನ ಪಲ್ಯವೋ ಹೋಗುತ್ತಿತ್ತು. ಅವ್ವ ಆ ಅಡುಗೆಗೆಂದೇ ಬೇರೆ ಪಾತ್ರೆ ಇಟ್ಟಿದ್ದಳು. ಅದರಲ್ಲಿ ಎಂದೂ ಮೀನು, ಮಾಂಸ ಬೆಂದದ್ದಿಲ್ಲ. ಮಾರನೇ ದಿನ ಗಿರಿಜಕ್ಕ ಗೋಡೆಯ ಹತ್ತಿರ ಬಂದು ಹೊಗಳುತ್ತಿದ್ದರು.

"ಏನ್ ಬಸ್ಸಾರು ಕಣ್ರೀ ಜಯಮ್ಮೋರೇ! ನಮ್ಮನೇರು ಇನ್ನೊಂದ್ ಮುದ್ದೆ ಜಾಸ್ತಿ ತಿಂದ್ರು. ನಿಮ್ ಕೈ ರುಚಿ ನಂಗೆ ಈ ಜನ್ಮಕ್ಕೆ ಬರಲ್ಲ ಬಿಡಿ."

ಅವ್ವ ಆ ದಿನವೆಲ್ಲ ಅದೇ ಮಾತನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಸಂಜೆ ಅಪ್ಪ ಬಂದು ಚಪ್ಪಲಿ ಬಿಡುವುದರೊಳಗೆ ಅವನಿಗೂ ಒಪ್ಪಿಸುತ್ತಿದ್ದಳು. ಅಪ್ಪ 'ಹೂಂ' ಎನ್ನುತ್ತಿದ್ದ, ಅಷ್ಟೇ.

ಬಲಮುರಿಗೆ ಹೋಗುವ ಮಾತು ಎತ್ತಿದವರು ಮೂಲೆಮನೆಯ ಮೇಷ್ಟ್ರು. ಈಗಿನ ಮಕ್ಕಳಿಗೆ ವಾಟರ್ ಪಾರ್ಕ್ ಎಂದರೆ ಟಿಕೇಟು, ಜಾರುಬಂಡೆ, ನೀಲಿ ಬಣ್ಣದ ನೀರು. ನಮಗೆ ಬಲಮುರಿಯೇ ವಾಟರ್ ಪಾರ್ಕು. ಕಾವೇರಿಗೆ ಅಡ್ಡಲಾಗಿ ಯಾವ ಕಾಲದಲ್ಲೋ ಕಟ್ಟಿದ ಉದ್ದನೆಯ ಕಟ್ಟೆ, ಅದರ ಮೇಲೆ ಪಾದ ಮುಳುಗುವಷ್ಟು ನೀರು ಹರಿದು ಬಂದು, ಅಂಚಿನಿಂದ ಈ ತುದಿಯಿಂದ ಆ ತುದಿಯವರೆಗೆ ತೆಳ್ಳಗೆ ಬೀಳುತ್ತದೆ. ಕೆಳಗೆ ಕೂತು ತಲೆ ಕೊಟ್ಟರೆ ಬೆನ್ನು ಹಗುರಾಗುತ್ತದೆ. ಸುಮ ಒಂದು ಸಲ ಹೋಗಿ ಬಂದಿದ್ದಳು, ನಾನು ಹೋಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನೀರು ತಗ್ಗಿರುತ್ತದೆ, ಏಳೂ ಮನೆಯವರು ಒಂದು ಭಾನುವಾರ ಮೆಟಡೋರ್ ಮಾಡಿಕೊಂಡು ಹೋಗೋಣ, ಒಂದೊಂದು ಮನೆಯವರು ಒಂದೊಂದು ಅಡುಗೆ ಮಾಡಿ ತರಲಿ ಎಂದು ಮೇಷ್ಟ್ರು ಹೇಳಿದರು. ಯಾರು ಏನು ತರುವುದೆಂದು ಕೂತು ಮಾತಾಡಬೇಕಲ್ಲ, ಆ ಸಭೆ ನಮ್ಮ ಮನೆಯಲ್ಲೇ ಆಗಲಿ ಎಂದು ಅವ್ವ ಹಟ ಹಿಡಿದಳು. ಬೀದಿಯವರು ಬಾಗಿಲವರೆಗೆ ಬರುತ್ತಿದ್ದರು, ಅರ್ಜಿ ಬರೆಸಿಕೊಂಡು ಹೋಗುತ್ತಿದ್ದರು. ಒಟ್ಟಾಗಿ ಒಳಗೆ ಬಂದು ಕೂತದ್ದು ಅದುವರೆಗೆ ಇರಲಿಲ್ಲ.

ಸಭೆಯ ದಿನ ಮಧ್ಯಾಹ್ನ ಅಪ್ಪನಿಗೂ ಅವ್ವನಿಗೂ ದೊಡ್ಡ ಜಗಳವಾಯಿತು. ಅವ್ವ ಬೆಳಿಗ್ಗೆಯಿಂದ ಹಾಲು ತೊಳೆದು, ಪರದೆ ಬದಲಾಯಿಸಿ, ಊರಿನಿಂದ ತಂದಿದ್ದ ದೊಡ್ಡ ಕೆಂಪು ಪಟ್ಟೆಯ ಜಮಖಾನವನ್ನು ಕೊಡವಿ ಹಾಸಿದ್ದಳು. ಅಂಗಡಿಯಿಂದ ಹೊಸ ಗಾಜಿನ ಲೋಟ ಬಂದಿದ್ದವು. ಅಪ್ಪ ಸ್ನಾನ ಮುಗಿಸಿ ಬಂದು ನೋಡಿದರೆ ಗೋಡೆಯ ಮೇಲೆ ಬುದ್ಧ ಒಬ್ಬನೇ ಇದ್ದ. ನೀಲಿ ಕೋಟಿನ ಪಟ ರೂಮಿನ ಬೀರುವಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿತ್ತು.

"ಧೂಳಾಗಿತ್ತು, ಒರೆಸೋಕೆ ತೆಗ್ದೆ," ಎಂದಳು ಅವ್ವ.

"ಒರೆಸಾಯ್ತಲ್ಲ, ಹಾಕು."

"ಅವ್ರೆಲ್ಲ ಹೋದ್ಮೇಲೆ ಹಾಕ್ತೀನಿ ಬುಡಿ. ಒಂದ್ ಗಂಟೆ. ಏನ್ ಕಿತ್ಕೊಂಡ್ ಹೋಗ್ತದೆ?"

"ಅವ್ರಿಗೆ ಗೊತ್ತಿಲ್ಲ ಅನ್ಕೊಂಡಿದ್ಯಾ ನೀನು? ಗೋಡೆಯಿಂದ ತೆಗೆದ್ರೆ ಹೋಗ್ಬುಡ್ತದಾ?"

"ಗೊತ್ತಿದ್ರೂ ಕಣ್ಮುಂದೆ ಹಿಡೀಬೇಕಾ? ನಾನು ಇಲ್ಲಿ ಬದುಕಬೇಕು ಕಣ್ರೀ. ನೀವು ಸೈಕಲ್ ಹತ್ಕೊಂಡ್ ಹೋಗ್ಬುಡ್ತೀರಿ."

ಅಪ್ಪ ಸ್ಟೂಲು ಎಳೆದುಕೊಂಡು ಪಟವನ್ನು ಅದರ ಮೊಳೆಗೇ ನೇತುಹಾಕಿ, ವಾರೆಯಾಗಿದೆಯಾ ನೋಡು ಎಂದು ನನ್ನನ್ನು ಕೇಳಿದ. ನನಗೆ ಆಗ ಅಪ್ಪನ ಮೇಲೇ ಸಿಟ್ಟು ಬಂತು, ಬಾಯಿಬಿಟ್ಟು ಹೇಳಿಯೇಬಿಡುತ್ತೇನೆ. ಜನ ಬರುವ ಹೊತ್ತಿಗೆ ಅವ್ವನನ್ನು ಅಳಿಸಿದನಲ್ಲ ಎಂದು.

ಜನ ಬಂದರು. ಜಮಖಾನದ ಮೇಲೆ ಕೂತರು. ಪಟದ ಕಡೆ ಒಮ್ಮೆ ನೋಡಿ ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅವ್ವ ತಟ್ಟೆಯಲ್ಲಿ ಕಾಫಿ ತಂದಾಗ ಮೇಷ್ಟ್ರಿಗೆ ಗ್ಯಾಸ್ಟ್ರಿಕ್ಕು, ಅವರ ಹೆಂಡತಿ ಈಗತಾನೇ ಕುಡಿದು ಬಂದವರು, ಒಬ್ಬರಿಗೆ ಉಪವಾಸ, ಇನ್ನೊಬ್ಬರು ಕಾಫಿಯನ್ನೇ ಬಿಟ್ಟಿದ್ದರು. ಗಿರಿಜಕ್ಕ ಮಾತ್ರ ಲೋಟ ತೆಗೆದುಕೊಂಡು ತುಟಿಗಿಟ್ಟು 'ಆಹಾ' ಎಂದರು. ಅವ್ವನ ಮುಖ ಅರಳಿತು. ಎಲ್ಲ ಹೋದ ಮೇಲೆ ಲೋಟ ಎತ್ತುವಾಗ ಗಿರಿಜಕ್ಕನ ಲೋಟ ಕೆನೆಗಟ್ಟಿ ಭರ್ತಿ ಇದ್ದದ್ದನ್ನು ನೋಡಿದವಳು ನಾನು. ಮಾತಿನ ಭರದಲ್ಲಿ ಮರೆತಿದ್ದಾರೆ ಎಂದುಕೊಂಡು ಸಕ್ಕರೆ ಆಸೆಗೆ ನಾನೇ ಕುಡಿದೆ.

ಪಟ್ಟಿ ಬರೆಯುವ ಕೆಲಸ ಶುರುವಾಯಿತು. ನೀಲಿ ಪೆನ್ನಿನಲ್ಲಿ ಮನೆಯವರ ಹೆಸರು, ಎದುರಿಗೆ ಕೆಂಪಿನಲ್ಲಿ ತರಬೇಕಾದ್ದು. ಮೇಷ್ಟ್ರ ಮನೆ ಪುಳಿಯೋಗರೆ. ಗಿರಿಜಕ್ಕನ ಮನೆ ಚಪಾತಿ, ಎಣ್ಣೆಗಾಯಿ. ಒಬ್ಬರದು ಮೊಸರನ್ನ, ಒಬ್ಬರದು ಕೋಸಂಬರಿ, ಒಬ್ಬರದು ಬೋಂಡ, ಒಬ್ಬರದು ಮಜ್ಜಿಗೆ. ನಮ್ಮ ಮನೆಯ ಸರದಿ ಬಂದಾಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು.

"ನಾನು ಕಜ್ಜಾಯ ಮಾಡ್ಕೊಂಡ್ ಬರ್ತೀನಿ."

ನಾನು 'ಕ' ಬರೆದಿದ್ದೆ, ಅಷ್ಟರಲ್ಲಿ ಗಿರಿಜಕ್ಕ ಅವ್ವನ ಕೈ ಹಿಡಿದುಕೊಂಡರು. ಎಷ್ಟು ಪ್ರೀತಿಯಿಂದ ಹಿಡಿದರೆಂದರೆ ಈಗ ನೆನೆದರೂ ಮೈ ಉರಿಯುತ್ತದೆ.

"ಅಯ್ಯೋ, ಕಜ್ಜಾಯ ಅಂದ್ರೆ ಸಾಮಾನ್ಯನಾ? ನಾಲ್ಕ್ ದಿನದ ಕೆಲ್ಸ. ನಿಮಗ್ಯಾಕ್ರೀ ಆ ತೊಂದ್ರೆ? ಇಷ್ಟ್ ದೊಡ್ಡ ಜಮಖಾನ ನಮ್ ಬೀದೀಲಿ ಇನ್ಯಾರ ಮನೇಲೂ ಇಲ್ಲ. ನೀವು ಇದನ್ನ ತನ್ನಿ, ಹಂಗೇ ಒಂದ್ ಕಟ್ಟು ಬಾಳೆಎಲೆ. ಅಷ್ಟೇ ಸಾಕು."

"ಹೌದೌದು, ಕೂರೋಕೆ ಜಾಗ ಮುಖ್ಯ," ಎಂದರು ಮೇಷ್ಟ್ರು. ಉಳಿದವರೂ ತಲೆಯಾಡಿಸಿದರು. ಅಷ್ಟು ಜನ ಅಷ್ಟು ಬೇಗ ಒಮ್ಮತಕ್ಕೆ ಬಂದದ್ದು ಆ ಸಂಜೆ ಅದೊಂದೇ ವಿಷಯಕ್ಕೆ.

ನಾನು 'ಕ'ವನ್ನು ಹೊಡೆದುಹಾಕಿ 'ಜಮಖಾನ, ಬಾಳೆಎಲೆ' ಎಂದು ಬರೆದೆ. ಅದೂ ಹೇಗೆ, ದುಂಡಗೆ, ಅಡಿಗೆರೆ ಎಳೆದು! ಎಲ್ಲರೂ ಕೂರುವುದು ನಮ್ಮ ಜಮಖಾನದ ಮೇಲೆ, ಎಲ್ಲರೂ ಉಣ್ಣುವುದು ನಾವು ತಂದ ಎಲೆಯಲ್ಲಿ, ಇದಕ್ಕಿಂತ ದೊಡ್ಡ ಮರ್ಯಾದೆ ಉಂಟೇ ಎಂದು ಹಿಗ್ಗಿದೆ. ಆಮೇಲೆ ಎದ್ದು ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಅಪ್ಪ ಅಂಗಳಕ್ಕೆ ಎದ್ದುಹೋದ.

ಅವ್ವ ಸೋಲಲಿಲ್ಲ. ಮರುದಿನವೇ ಅಕ್ಕಿ ನೆನೆಹಾಕಿದಳು. ಅಪ್ಪ ಗದರಿದ.

"ಪಟ್ಟೀಲಿ ಇಲ್ಲದ್ದನ್ನ ಯಾಕ್ ಮಾಡ್ತೀಯ? ಬೇಡ ಅಂದ್ರಲ್ಲ."

"ತೊಂದ್ರೆ ತಗೋಬೇಡಿ ಅಂದ್ರು, ಬೇಡ ಅನ್ನಲಿಲ್ಲ. ಗಿರಿಜಕ್ಕ ದಿನಾ ನಮ್ಮನೇದು ತಿಂತಾರಲ್ಲ. ಅವ್ರು ತಿನ್ನೋದನ್ನ ನೋಡಿ ಮಿಕ್ಕೋರೂ ಒಂದ್ಸಲ ಬಾಯಿಗ್ ಹಾಕ್ಕೊಂಡ್ಬುಟ್ರೆ ಸಾಕು. ಆಮೇಲೆ ಯಾರೂ ಏನೂ ಅನ್ನಲ್ಲ."

ಅವ್ವನಿಗೆ ಬೇಕಾದದ್ದು ಇಷ್ಟೇ. ಬೀದಿಯವರು ಒಂದು ಸಲ ಅವಳ ಕೈಯಡುಗೆ ತಿನ್ನಬೇಕು. ಅದಕ್ಕಾಗಿ ನೆನೆದ ಅಕ್ಕಿಯನ್ನು ನೆರಳಲ್ಲಿ ಬಟ್ಟೆ ಮೇಲೆ ಆರಿಸಿ, ಕುಟ್ಟಿ, ಜರಡಿ ಹಿಡಿದು, ಬೆಲ್ಲದ ಪಾಕ ಏರಿಸಿ ಹಿಟ್ಟು ಕಲಸಿಟ್ಟಳು. ಎರಡು ದಿನ ಅದು ಮಾಗಬೇಕು. ಶನಿವಾರ ಮಧ್ಯಾಹ್ನ ಹೊಸ ಬಾಣಲೆ ಇಟ್ಟು, ಮಡಿಯಲ್ಲಿರುವವರಂತೆ ತಲೆಗೆ ನೀರು ಹಾಕಿಕೊಂಡು ಬಂದು ಕೂತಳು. ಬಾಳೆಎಲೆಯ ಮೇಲೆ ಉಂಡೆ ಇಟ್ಟು ತಟ್ಟಿ, ಗಸಗಸೆ ಒತ್ತಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ ಎಣ್ಣೆಗೆ ಬಿಡುತ್ತಿದ್ದಳು. ಆ ಹೆಬ್ಬೆರಳ ಗುಳಿ ಅವಳ ತಾಯಿಯಿಂದ ಬಂದ ಪದ್ಧತಿ, ಬೇರೆ ಯಾರ ಕಜ್ಜಾಯದಲ್ಲೂ ನಾನು ಅದನ್ನು ಕಂಡಿಲ್ಲ. ನನಗೆ ಒಡೆದವು ಮಾತ್ರ ಸಿಕ್ಕಿದವು. ದುಂಡಗಿನವೆಲ್ಲ ದೊಡ್ಡ ಸ್ಟೀಲ್ ಡಬ್ಬಿಗೆ ಹೋದವು.

ಬಲಮುರಿಗೆ ಹೋದೆವು. ನದಿ ದಡದ ಮರದ ಕೆಳಗೆ ನಮ್ಮ ಜಮಖಾನ ಹಾಸಿ, ಅದರ ಮೇಲೆ ಏಳು ಮನೆಯವರು ಚಕ್ಕಳಮಕ್ಕಳ ಹಾಕಿ ಕೂತು, ನಮ್ಮ ಎಲೆಯಲ್ಲಿ ಪುಳಿಯೋಗರೆಯಿಂದ ಮೊಸರನ್ನದವರೆಗೆ ಉಂಡರು. ಅಲ್ಲಿ ಮೀನು ಕರಿದು ಮಾರುವವರ ಬಾಣಲೆಯ ವಾಸನೆ ಬಂದಾಗಲೆಲ್ಲ ಅಪ್ಪ ಮೂಗು ಎತ್ತುತ್ತಿದ್ದ, ಅವ್ವ ಮೊಣಕೈಯಿಂದ ತಿವಿಯುತ್ತಿದ್ದಳು. ಎಲ್ಲರ ಊಟ ಮುಗಿಯುವ ಹೊತ್ತಿಗೆ ಅವ್ವ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಏಲಕ್ಕಿ ಘಮ ಎದ್ದಿತು. ಕೂಡಲೇ ಎಲ್ಲರಿಗೂ ಹೊಟ್ಟೆ ತುಂಬಿಹೋಗಿತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಎಣ್ಣೆ ಆಗುತ್ತಿರಲಿಲ್ಲ. ಗಿರಿಜಕ್ಕನೇ ಕೈ ಮುಂದೆ ಮಾಡಿ ಡಬ್ಬಿಯನ್ನು ಮಡಿಲಿಗೆಳೆದುಕೊಂಡರು.

"ಈಗ ಯಾರಿಗೂ ಜಾಗ ಇಲ್ಲ ಕಣ್ರೀ, ನೀರಾಡ್ಕೊಂಡ್ ಬಂದ್ಮೇಲೆ ನಾನೇ ಎಲ್ರಿಗೂ ಹಂಚ್ತೀನಿ. ನೀವು ಬೆಳಿಗ್ಗೆಯಿಂದ ದಣಿದಿದ್ದೀರ, ಸುಮ್ನೆ ಕೂತ್ಕೊಳಿ."

ನಾನು, ಸುಮ ಕಟ್ಟೆಯ ಕೆಳಗಿಳಿದೆವು. ನೀರು ತಲೆ ಮೇಲೆ, ಬೆನ್ನ ಮೇಲೆ ಬೀಳುತ್ತಿತ್ತು. ಕಿವಿ ಮುಚ್ಚಿಕೊಂಡು ಕೂಗಿದರೂ ಕೇಳದಂಥ ಸದ್ದು. ಅಷ್ಟು ಸುಖವಾಗಿ ನಾನು ಅದುವರೆಗೆ ಎಲ್ಲೂ ಕೂತಿರಲಿಲ್ಲ. ಆಗ ಅಂಚಿನಿಂದ ಏನೋ ಜಾರಿ ಬಂದು ನನ್ನ ತೊಡೆಯ ಮೇಲೆ ಬಿತ್ತು. ಕಂದು ಬಣ್ಣದ್ದು. ಎಲೆ ಎಂದುಕೊಂಡು ಎತ್ತಿದರೆ ನಡುವೆ ಅವ್ವನ ಹೆಬ್ಬೆರಳ ಗುಳಿ. ಇನ್ನೊಂದು ಬಿತ್ತು. ಇನ್ನೊಂದು.

"ಅಯ್ಯೋ, ಅಮ್ಮ ಇಲ್ಲೂ ಹಾಕ್ತಿದಾಳೆ!" ಎಂದು ಸುಮ ಕಿಲಕಿಲ ನಕ್ಕಳು.

"ಇಲ್ಲೂ ಅಂದ್ರೆ?"

"ಮನೇಲಿ ಕೆಲಸದೋಳಿಗೆ ಕೊಡ್ತಾಳಲ್ಲ, ನಿಮ್ಮನೆಯಿಂದ ಬಂದಿದ್ದನ್ನ. ಅವಳು ಬರ್ದಿದ್ರೆ ಹಿತ್ಲಲ್ಲಿ ಚೆಲ್ತಾಳೆ. ಯಾರಿಗೂ ಹೇಳ್ಬೇಡ ಅಂದಿದಾಳೆ ಕಣೆ, ನೀನೂ ಹೇಳ್ಬೇಡ."

ನಾನು ಕಲ್ಲು ಹಿಡಿದು ಮೇಲೆ ಹತ್ತಿ ನೋಡಿದೆ. ಗಿರಿಜಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು, ಕಟ್ಟೆಯ ಮೇಲ್ಗಡೆಯ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಡಬ್ಬಿಯನ್ನು ಬಗ್ಗಿಸಿ ಬೆರಳಿಂದ ತಳ ಬಳಿಯುತ್ತಿದ್ದರು. ಆಮೇಲೆ ಮರಳು ಹಾಕಿ ಉಜ್ಜಿ, ಮೂರು ಸಲ ತೊಳೆದರು. ನನ್ನ ಮುಷ್ಟಿಯಲ್ಲಿದ್ದ ಒಂದು ಕಜ್ಜಾಯ ನೆನೆದು ಹಿಟ್ಟಾಗುತ್ತಿತ್ತು. ಯಾರಾದರೂ ನೋಡಿಬಿಟ್ಟಾರೆಂದು ಅದನ್ನು ಮರಳು ಸಮೇತ ತಿಂದುಬಿಟ್ಟೆ. ಬಸ್ಸಾರು, ಪಲ್ಯ, ಹಬ್ಬಹಬ್ಬಕ್ಕೆ ಹೋದ ಪಾಯಸ, ಮಾರನೇ ದಿನ ಬಂದ ಹೊಗಳಿಕೆ, ಕೆನೆಗಟ್ಟಿದ ಕಾಫಿ, ಎಲ್ಲ ಒಟ್ಟಿಗೆ ನೆನಪಾಯಿತು. ಮೇಷ್ಟ್ರೂ ಉಳಿದವರೂ ತಿನ್ನಲಿಲ್ಲ, ಹೊಗಳಲೂ ಇಲ್ಲ. ಆದರೆ ಈ ಹೆಂಗಸು ಒಂದು ತುತ್ತೂ ಬಾಯಿಗಿಡದೆ ವರ್ಷಗಟ್ಟಲೆ ಹೊಗಳಿ ಅವ್ವನನ್ನು ಕುಣಿಸಿದ್ದಳು. ನಾನು ಅಂದಿನಿಂದ ಅವಳನ್ನು ಮನಸ್ಸಿನಲ್ಲಿ ಬಹುವಚನದಲ್ಲಿ ಕರೆದಿಲ್ಲ.

ಒದ್ದೆ ಬಟ್ಟೆಯಲ್ಲೇ ಜಮಖಾನದ ಹತ್ತಿರ ಹೋದೆ. ಗಿರಿಜಕ್ಕ ಹೊಳೆಯುವ ಡಬ್ಬಿಯನ್ನು ಅವ್ವನ ಕೈಗೆ ಕೊಡುತ್ತಿದ್ದಳು.

"ನೋಡ್ರೀ, ತೊಳ್ದೂ ತಂದಿದೀನಿ. ಮಕ್ಕಳು ಕಿತ್ತಾಡ್ಕೊಂಡ್ ತಿಂದ್ರು, ನಂಗೆ ಉಳಿದಿದ್ದು ಎರಡೇ. ಬಾಯಲ್ಲಿಟ್ರೆ ಕರಗೋಗ್ತದೆ."

ಅವ್ವ ನಕ್ಕಳು. ಮೆಟಡೋರ್ ಇಳಿದು ಮನೆಗೆ ಬಂದ ಕೂಡಲೇ ಖಾಲಿ ಡಬ್ಬಿಯನ್ನು ಅಪ್ಪನ ಮುಂದೆ ಹಿಡಿದಳು. "ಒಂದೂ ಉಳೀಲಿಲ್ಲ. ಏನಂದಿದ್ರಿ ನೀವು?" ಎಂದಳು. ಅಪ್ಪ ನನ್ನ ಕಡೆ ನೋಡಿದ. ನಾನೂ 'ಹೂಂ, ಎಲ್ಲಾ ತಿಂದ್ರು' ಎಂದೆ. ಅವ್ವನಿಗೆ ನೋವಾಗದಿರಲಿ ಎಂದು ನಾನು ಹೇಳಿದ ಮೊದಲ ಸುಳ್ಳು ಅದು. ಒಂದು ವರ್ಷ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಸುಮಳ ಬೆಂಚು ಬಿಟ್ಟೆ. ಬಟ್ಟಲು ಗೋಡೆ ದಾಟುವಾಗಲೆಲ್ಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಮುಂದಿನ ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬಲಮುರಿಯ ಮಾತು ಎದ್ದಿತು. ಈ ಸಲ ಸಭೆ ಮೇಷ್ಟ್ರ ಮನೆ ಜಗಲಿಯಲ್ಲಿ. ನನ್ನನ್ನು ಕರೆದರು. ನಾನು ಮಾರ್ಜಿನ್ ಎಳೆದು, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನನಗೆ ಬೇಕಾದದ್ದನ್ನು ಬರೆದೆ. ಎದ್ದು ನಿಂತು ಓದಿದೆ.

"ಜಯಮ್ಮನವರ ಮನೆ, ಕಜ್ಜಾಯ. ಗಿರಿಜಮ್ಮನವರ ಮನೆ, ಜಮಖಾನ. ಕಜ್ಜಾಯವನ್ನು ಎಲ್ಲರೂ ಅಲ್ಲೇ ಕೂತು ತಿನ್ನತಕ್ಕದ್ದು. ನೀರಿಗೆ ಹಾಕಬಾರದು."

ಗಿರಿಜಕ್ಕನ ಮುಖದ ಬಣ್ಣ ಹೋಯಿತು. ನಾನು ಅವ್ವನ ಕಡೆ ನೋಡಿದೆ. ಈಗ ಅವಳಿಗೆ ತಿಳಿಯುತ್ತದೆ, ಎದ್ದು ನಿಲ್ಲುತ್ತಾಳೆ, ಏನೋ ಒಂದು ಅನ್ನುತ್ತಾಳೆ ಎಂದು ಕಾದೆ. ಅವ್ವ ಎದ್ದಳು. ನೇರ ನನ್ನ ಹತ್ತಿರ ಬಂದು, ಎಲ್ಲರೆದುರಿಗೆ, ನನ್ನ ಕೆನ್ನೆಗೆ ಬಾರಿಸಿದಳು.

"ಆಂಟಿಗೆ ತಪ್ಪಾಯ್ತು ಅನ್ನು. ಅನ್ನೇ!"

"ಅವ್ವಾ..."

"ಅಮ್ಮ ಅನ್ನು. ತಪ್ಪಾಯ್ತು ಅನ್ನು."

ಅಂದೆ. ಕಜ್ಜಾಯವನ್ನು ಹೊಡೆದುಹಾಕಿ ಅದೇ ದುಂಡು ಅಕ್ಷರದಲ್ಲಿ ಜಮಖಾನ ಎಂದು ಬರೆದೆ. ಅವ್ವ ಪಕ್ಕದಲ್ಲಿ ನಿಂತು ಬರೆಸಿದಳು. ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲು ಹಾಕಿ, ಕೊಬ್ಬರಿ ಎಣ್ಣೆ ತೆಗೆದುಕೊಂಡು ನನ್ನ ಕೆನ್ನೆಗೆ ಸವರತೊಡಗಿದಳು. ನಾನು ಕೈ ತಳ್ಳಿದೆ.

"ನಿನ್ ಕಜ್ಜಾಯನ ಅವಳು ಹೊಳೆಗೆ ಸುರಿದ್ಲು ಕಣವ್ವಾ. ನಾನು ಕಣ್ಣಾರೆ ನೋಡ್ದೆ."

"ನಾನೂ ನೋಡ್ದೆ," ಎಂದಳು ಅವ್ವ. "ಜಮಖಾನದ ಮೇಲೆ ಕೂತಿದ್ನಲ್ಲ. ಅಲ್ಲಿಂದ ಎಲ್ಲಾ ಕಾಣ್ತಿತ್ತು."

"ಮತ್ತೆ ನನಗ್ಯಾಕೆ ಹೊಡ್ದೆ?"

"ಅಪ್ಪ ಹೋಗ್ತಾರೆ, ನೀನ್ ಹೋಗ್ತೀಯ. ಬೆಳಿಗ್ಗೆಯಿಂದ ಸಂಜೆಗಂಟ ಈ ಬೀದೀಲಿ ನನ್ನ ಮಾತಾಡ್ಸೋರು ಅವಳೊಬ್ಬಳೇ ಕಣೆ. ಸುಳ್ಳೋ ನಿಜವೋ, ಅವಳೊಬ್ಬಳೇ."

ನಾನು ಅತ್ತೆ. ಗಿರಿಜಕ್ಕನ ಮೋಸಕ್ಕೆ ಬಂದಿದ್ದ ಸಿಟ್ಟು ಇದರ ಮುಂದೆ ಏನೂ ಅಲ್ಲ. ಅವಳು ಹೊರಗಿನವಳು. ಅವ್ವನಿಗಾಗಿ ನಾನು ಒಂದು ವರ್ಷ ನುಂಗಿಕೊಂಡಿದ್ದೆ, ಅವ್ವನಿಗಾಗಿ ಎದ್ದು ನಿಂತಿದ್ದೆ, ಅವ್ವ ಅವಳ ಕಡೆಗೆ ನಿಂತಳು. ಇಷ್ಟು ವರ್ಷಗಳಾದ ಮೇಲೆ ಅವ್ವನ ಒಂಟಿತನ ನನಗೆ ಅರ್ಥವಾಗಿದೆ. ಅರ್ಥವಾದರೆ ಕ್ಷಮಿಸಿದಂತೆ ಎಂದು ಯಾರು ಹೇಳಿದರು?

ಮಾರನೇ ದಿನ ಕೆನ್ನೆ ಊದಿದ್ದರಿಂದ ನನ್ನನ್ನು ಸ್ಕೂಲಿಗೆ ಕಳಿಸಲಿಲ್ಲ. ಹಿಂದಿನ ಬಾಗಿಲಲ್ಲಿ ಕೂತಿದ್ದೆ. ಅವ್ವ ಬಟ್ಟೆಗೆ ಸೋಪು ಹಚ್ಚುತ್ತ ಎರಡೆರಡು ಸಲ ಗೋಡೆಯ ಕಡೆ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಗೋಡೆಯ ಆಚೆ ಬಳೆ ಸದ್ದಾಯಿತು. ಗಿರಿಜಕ್ಕ ಮೊಣಕೈ ಊರಿದಳು.

"ಏನ್ ಸಾರ್ರೀ ಇವತ್ತು, ಜಯಮ್ಮೋರೇ?"

"ಬಸ್ಸಾರು," ಎಂದಳು ಅವ್ವ. "ಒಂದ್ ಬಟ್ಲು ಕೊಡ್ಲಾ?"

"ಕೊಡ್ರೀ. ನಿಮ್ ಕೈ ರುಚಿ ಯಾರಿಗ್ ಬರುತ್ತೆ?"

ಅವ್ವ ಕೈ ತೊಳೆದುಕೊಂಡು ನನ್ನನ್ನು ದಾಟಿ ಒಳಗೆ ಹೋದಳು. ಬಟ್ಟಲನ್ನು ಅಂಚಿನವರೆಗೆ ತುಂಬಿಸಿದಳು, ಮೇಲೆ ಒಂದು ಚಮಚ ತುಪ್ಪ ಹಾಕಿದಳು. ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಗೋಡೆಯ ಮೇಲಿಂದ ದಾಟಿಸಿದಳು. ವಾಪಸು ಬರುವಾಗ ನನ್ನ ಮುಖ ನೋಡಲಿಲ್ಲ.